ಬೆರಳು ಮರಗಟ್ಟುವ ಕತ್ತಲಲ್ಲಿ

2024ರ ಮೇ 10, ಶುಕ್ರವಾರ. ಸೂರ್ಯನ ಮೈಮೇಲೆ 13664 ಎಂಬ ಸಂಖ್ಯೆಯ ದೈತ್ಯ ಕಲೆಗಳ ಗುಂಪು ಸಿಡಿಯುತ್ತಲೇ ಇದೆ. ಅದು ಉಗುಳಿದ ಪ್ಲಾಸ್ಮಾ ಮೋಡಗಳು ಒಂದರ ಬೆನ್ನಿಗೊಂದು ನುಗ್ಗಿ, ದಾರಿಯಲ್ಲೇ ಕೂಡಿಕೊಂಡು, ಭೂಮಿಯ ಕಾಂತಕ್ಷೇತ್ರಕ್ಕೆ ಬಂದು ಅಪ್ಪಳಿಸುತ್ತವೆ. ಇಪ್ಪತ್ತು ವರ್ಷಗಳಲ್ಲಿ ಇಂಥ ಸೌರ ಬಿರುಗಾಳಿ ಬೀಸಿರಲಿಲ್ಲ. ಆ ರಾತ್ರಿ ಮುಂಬೈ ಎಂದಿನಂತೆ ದೀಪ ಉರಿಸಿಕೊಂಡು ಬೆವರುತ್ತಿತ್ತು. ಕೊಲಾಬಾದಿಂದ ವಿರಾರ್‌ವರೆಗೆ ಆಕಾಶದ ಬದಲು ಬೂದುಗೆಂಪು ಮಬ್ಬು.

ಉತ್ತರದಲ್ಲಿ, ಲಡಾಖಿನ ಹಾನ್ಲೆಯಲ್ಲಿ, ಅಮಾವಾಸ್ಯೆ ಕಳೆದು ಎರಡೇ ದಿನ. ನಡುರಾತ್ರಿ ದಾಟಿತು. ಉತ್ತರದ ಗುಡ್ಡಗಳ ಹಿಂದಿನಿಂದ ಬಾನು ಕೆಂಪೇರತೊಡಗಿತು. ಬೆಂಕಿಯೇ? ಅಲ್ಲ, ಧ್ರುವಪ್ರಭೆ! ನಾರ್ವೆ, ಐಸ್‌ಲ್ಯಾಂಡ್‌ಗಳ ಸೊತ್ತು ಎಂದುಕೊಂಡಿದ್ದ ಬೆಳಕು ಭಾರತದ ನೆಲದ ಮೇಲೆ! ಅದನ್ನು ಕ್ಯಾಮೆರಾದಲ್ಲಿ ಹಿಡಿದು ಜಗತ್ತಿಗೆ ತೋರಿಸಿದವರು ದೋರ್ಜೆ ಆಂಗ್ಚುಕ್.

ವೃತ್ತಿಯಿಂದ ಇವರು ಎಂಜಿನಿಯರ್. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ ಹಾನ್ಲೆಯಲ್ಲಿ ನಡೆಸುವ ವೇಧಶಾಲೆಯ ಉಸ್ತುವಾರಿ ಇವರದು. ಛಾಯಾಗ್ರಹಣವನ್ನು ತಾವೇ ಕಲಿತರು. ಹಗಲೆಲ್ಲ ದೂರದರ್ಶಕಗಳ ಚಾಕರಿ, ರಾತ್ರಿ ಕ್ಯಾಮೆರಾ ಹಿಡಿದು ಬಯಲಿಗೆ.

ಬಯಲು ಎಂದರೆ ಎಂಥದ್ದು! 4,500 ಮೀಟರ್ ಎತ್ತರ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಜುಹು ಕಿನಾರೆಯಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಹತ್ತು ಹೆಜ್ಜೆ ಬೇಗ ನಡೆದರೆ ಎದೆ ಡವಡವ. ಚಳಿಗಾಲದಲ್ಲಿ ಪಾದರಸ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುತ್ತದೆ. ಟ್ರೈಪಾಡಿನ ಸಣ್ಣ ತಿರುಪು ಬಿಗಿಮಾಡಬೇಕೆ? ಕೈಗವಸು ತೆಗೆಯಲೇಬೇಕು. ತೆಗೆದರೋ, ತಣ್ಣನೆಯ ಲೋಹಕ್ಕೆ ಬೆರಳ ಚರ್ಮ ಕಚ್ಚಿಕೊಳ್ಳುತ್ತದೆ. ಗಾಳಿ ಬೀಸಿದರೆ ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟುತ್ತದೆ. ಲೆನ್ಸಿನ ಹತ್ತಿರ ಉಸಿರು ಬಿಟ್ಟಿರೋ, ಗಾಜಿನ ಮೇಲೆ ಹಿಮದ ಪೊರೆ. ಸಂಜೆ ತುಂಬಿದ್ದ ಬ್ಯಾಟರಿ ನೋಡನೋಡುತ್ತ ಬರಿದು, ಏಕೆಂದರೆ ಅದರೊಳಗಿನ ರಾಸಾಯನಿಕ ಕ್ರಿಯೆಯೇ ಚಳಿಗೆ ಮಂದವಾಗುತ್ತದೆ.

ಇಂಥ ಕಡೆ ಆಂಗ್ಚುಕ್ ಕೈಹಾಕಿದ ಕೆಲಸ ಕೇಳಿ. ಭೂಮಿ ತಿರುಗುವುದನ್ನು ಕಣ್ಣಾರೆ ತೋರಿಸಬೇಕು, ಅದೂ ಪೂರ್ತಿ 24 ಗಂಟೆ! ವಿದ್ಯಾರ್ಥಿಗಳಿಗೆ ಅರ್ಥವಾಗುವಂತೆ ಮಾಡಿಕೊಡಿ ಎಂಬ ಕೋರಿಕೆ ಬಂದಿತ್ತು. ಕ್ಯಾಮೆರಾವನ್ನು ನೆಲಕ್ಕೆ ನೆಟ್ಟರೆ ನಕ್ಷತ್ರಗಳು ಓಡುತ್ತವೆ. ನಾವೆಲ್ಲ ಕಂಡ ದೃಶ್ಯ ಅದು. ಕ್ಯಾಮೆರಾವನ್ನೇ ಭೂಮಿಯ ಅಕ್ಷಕ್ಕೆ ಹೊಂದಿಸಿದ ಯಂತ್ರದ ಮೇಲಿಟ್ಟು, ಭೂಮಿಗೆ ವಿರುದ್ಧವಾಗಿ 23 ಗಂಟೆ 56 ನಿಮಿಷಕ್ಕೊಂದು ಸುತ್ತಿನಂತೆ ತಿರುಗಿಸಿದರೆ? ನಕ್ಷತ್ರಗಳು ನಿಂತುಬಿಡುತ್ತವೆ, ಕಾಲಡಿಯ ನೆಲವೇ ಹೊರಳತೊಡಗುತ್ತದೆ! ಯಂತ್ರದ ಅಕ್ಷ ಧ್ರುವದ ಕಡೆಗೆ ಕರಾರುವಾಕ್ಕಾಗಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಗಂಟೆಗಳು ಕಳೆದಂತೆ ನಕ್ಷತ್ರ ಜಾರುತ್ತದೆ, ಇಡೀ ಶ್ರಮ ನೀರುಪಾಲು.

ಕಡುಚಳಿಯಲ್ಲಿ ರಾತ್ರಿಯ ಮೇಲೆ ರಾತ್ರಿ ಕಳೆಯಿತು. ಬ್ಯಾಟರಿ ಕೈಕೊಟ್ಟಿತು. ಚಿತ್ರಗಳನ್ನು ತುಂಬಿಡಲು ಜಾಗ ಸಾಲದೆ ಹೋಯಿತು. ಟೈಮರ್ ತಪ್ಪಿತು. 24 ಗಂಟೆಯ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮತ್ತೆ ಮೊದಲಿನಿಂದ. ಮನುಷ್ಯ ಬಿಡಲಿಲ್ಲ! 2025ರ ಜನವರಿ ಕೊನೆಗೆ ಆ ವಿಡಿಯೊ ಹೊರಬಂತು. ಹಗಲು ಇರುಳಾಗಿ, ಇರುಳು ಹಗಲಾಗಿ, ಹಾನ್ಲೆಯ ನೆಲ ದೋಣಿಯಂತೆ ವಾಲುತ್ತ ಉರುಳುವುದನ್ನು ಲಕ್ಷಾಂತರ ಜನ ಕಂಡರು. ಪಠ್ಯಪುಸ್ತಕದ ಎಷ್ಟು ಪುಟ ಓದಿದರೂ ಮೂಡದ ಅರಿವು ಅದರಲ್ಲಿದೆ. ಅದಕ್ಕೂ ಮೊದಲೇ, 2024ರಲ್ಲಿ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅವರಿಗೆ ಗೌರವ ಸದಸ್ಯತ್ವ ನೀಡಿತ್ತು.

ಆ ಕೆಂಪು ಬೆಳಕಿನ ಗುಟ್ಟನ್ನೂ ಹೇಳಿಬಿಡಬೇಕು. ಧ್ರುವಪ್ರಭೆಯ ಹಸಿರು ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಹುಟ್ಟುತ್ತದೆ; ಕೆಂಪು ಇನ್ನೂರು ಕಿಲೋಮೀಟರಿಗೂ ಮೇಲೆ, ಆಮ್ಲಜನಕದ ಪರಮಾಣುಗಳಿಂದ. ಹಾನ್ಲೆಯಿಂದ ನೋಡುವಾಗ ಭೂಮಿಯ ಬಾಗು ಹಸಿರನ್ನು ಮರೆಮಾಡುತ್ತದೆ. ತುದಿಯ ಕೆಂಪಷ್ಟೇ ದಿಗಂತದ ಮೇಲೆ ಇಣುಕುತ್ತದೆ. ಬರಿಗಣ್ಣಿಗೆ ತೀರ ಮಸುಕಾದ ಆ ಇಣುಕನ್ನು ಹಿಡಿಯಲು ಕಡುಗತ್ತಲೆ ಬೇಕು, ಮತ್ತು ಆ ಕತ್ತಲೆಯಲ್ಲಿ ಎಚ್ಚರವಾಗಿ ನಿಂತ ಒಬ್ಬ ಮನುಷ್ಯ ಬೇಕು.

ಮುಂಬೈಯವರಾದ ನಮಗೆ ಇದರಲ್ಲಿ ಏನು ಪಾಲು ಎನ್ನುವಿರಾ? ದೊಡ್ಡ ಪಾಲೇ ಇದೆ. ಹಾನ್ಲೆಯ 70 ಸೆಂಟಿಮೀಟರಿನ ಸ್ವಯಂಚಾಲಿತ ಗ್ರೋತ್ ದೂರದರ್ಶಕದಲ್ಲಿ ಪವಾಯಿಯ ಐಐಟಿ ಪಾಲುದಾರ. 2024ರ ಅಕ್ಟೋಬರಿನಲ್ಲಿ ಅಲ್ಲಿ ಉದ್ಘಾಟನೆಯಾದ, 21 ಮೀಟರ್ ಅಗಲದ ಗಾಮಾ ಕಿರಣ ದೂರದರ್ಶಕ ಮೇಸ್, ಟ್ರಾಂಬೆಯ ಭಾಭಾ ಅಣುಶಕ್ತಿ ಕೇಂದ್ರದ್ದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಅಲ್ಲಿ ದೂರದರ್ಶಕಗಳ ಸಾಲನ್ನೇ ನಿಲ್ಲಿಸಿದೆ. ಅಲ್ಲಿನ ಎರಡು ಮೀಟರಿನ ‘ಚಂದ್ರ’ ದೂರದರ್ಶಕವನ್ನು ಬೆಂಗಳೂರಿನ ಬಳಿಯ ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಬೆಳಕಿನಲ್ಲಿ ಕುರುಡಾದ ನಮ್ಮ ಊರುಗಳು ತಮ್ಮ ಕಣ್ಣುಗಳನ್ನು ಹಾನ್ಲೆಯಲ್ಲಿ ಇಟ್ಟುಬಂದಿವೆ.

ಆ ಕಣ್ಣು ಕಾಯುವವರು ಹಾನ್ಲೆಯ ಹಳ್ಳಿಗರು. 2022ರಲ್ಲಿ ಅಲ್ಲಿನ ಸಾವಿರ ಚದರ ಕಿಲೋಮೀಟರಿಗೂ ಮೀರಿದ ನೆಲವನ್ನು ಕತ್ತಲೆಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ದಪ್ಪ ಪರದೆ ಇಳಿಬಿಡುವುದು, ದೀಪಕ್ಕೆ ಮುಸುಕು ಹಾಕುವುದು, ವಾಹನದ ಹೆಡ್‌ಲೈಟ್ ತಗ್ಗಿಸುವುದು ಅಲ್ಲೀಗ ರೂಢಿ. ಊರಿನ ಯುವಕ ಯುವತಿಯರೇ ದೂರದರ್ಶಕ ಹಿಡಿದು ಪ್ರವಾಸಿಗರಿಗೆ ಆಕಾಶ ತೋರಿಸುತ್ತಾರೆ. ಕಟ್ಟಿಗೆ, ಸೆಗಣಿ ಉರಿಸಿ ಚಳಿ ಕಳೆಯುವ ಜನಕ್ಕೆ ಸಾಧ್ಯವಾಗಿದ್ದು ನಮ್ಮ ಸೊಸೈಟಿಗಳಿಗೆ ಏಕೆ ಅಸಾಧ್ಯ? ರಾತ್ರಿಯಿಡೀ ಮೇಲ್ಮುಖವಾಗಿ ಉರಿಯುವ ಫ್ಲಡ್‌ಲೈಟಿನಿಂದ ಕಳ್ಳ ಹೆದರುತ್ತಾನೆಂದು ನನಗನ್ನಿಸುವುದಿಲ್ಲ.

ಮುಂದಿನ ಸೊಸೈಟಿ ಸಭೆಯಲ್ಲಿ ಒಂದು ಮಾತು ಎತ್ತಿ: ಟೆರೇಸಿನ ದೀಪಗಳಿಗೆ ಮುಚ್ಚಿಗೆ ಹಾಕಿಸಿ, ಬೆಳಕು ನೆಲಕ್ಕಷ್ಟೇ ಬೀಳಲಿ. ಮಳೆಗಾಲ ಮುಗಿದ ಮೇಲೆ ಒಂದು ಅಮಾವಾಸ್ಯೆಗೆ ಕರ್ಜತ್ ಲೋಕಲ್ ಹಿಡಿದು, ಬದ್ಲಾಪುರ ದಾಟಿ, ವಾಂಗಣಿಯಲ್ಲಿ ಇಳಿಯಿರಿ. ಮುಂಬೈಯ ಖಗೋಲ ಮಂಡಲದವರು ಆಕಾಶ ತೋರಿಸಲು ಬಹುಕಾಲದಿಂದ ಜನರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.