ವಾಕರ್ ಹಿಡಿದರೆ ಹೆಜ್ಜೆ ಸೊನ್ನೆ

ನಮ್ಮಲ್ಲಿ ತುಂಬಾ ಜನ ಕೈಗೆ ಫಿಟ್‌ನೆಸ್ ಬ್ಯಾಂಡ್ ಕಟ್ಕೊಂಡೇ ಕ್ಲಾಸಿಗೆ ಬರ್ತೀವಿ. ಅದು ನಿಜವಾಗಿ ಏನನ್ನು ಎಣಿಸುತ್ತೆ ಅಂತ ನಾನು ಯೋಚನೆ ಮಾಡಿದ್ದು ಅಮ್ಮನ ಬೆನ್ನಿನ ಆಪರೇಷನ್ ಆದ ಮೇಲೆ.

ಸೊಂಟದ ಹತ್ತಿರ ಡಿಸ್ಕ್ ಜಾರಿ ನರ ಒತ್ತುತ್ತಿತ್ತು. ಆಪರೇಷನ್ ಮುಗಿಸಿ ಡಾಕ್ಟರ್ ಹೇಳಿದ್ದು ಇಷ್ಟು: ಬಗ್ಗಬೇಡಿ, ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ, ಆದರೆ ದಿನಾ ಸ್ವಲ್ಪ ಸ್ವಲ್ಪ ನಡೀರಿ. ಕಷ್ಟ ಏನಂದ್ರೆ, ಹೇಗಿದೀಯಾ ಅಂತ ಕೇಳಿದರೆ ಅಮ್ಮನ ಹತ್ತಿರ ಇರೋದು ಒಂದೇ ಉತ್ತರ: "ಪರವಾಗಿಲ್ಲ." ಬೆನ್ನುನೋವಿಗೆ ವೈದ್ಯರು ಬಳಸುವ 1980ರ ಆಸ್ವೆಸ್ಟ್ರಿ ಪ್ರಶ್ನಾವಳಿಯೂ ಎಷ್ಟು ದೂರ ನಡೀತೀರಿ, ಎಷ್ಟು ಹೊತ್ತು ಕೂರ್ತೀರಿ ಅಂತ ರೋಗಿಯನ್ನೇ ಕೇಳುತ್ತೆ. ಅಮ್ಮ ಅದರಲ್ಲೂ ಪರವಾಗಿಲ್ಲ ಅಂತಲೇ ತುಂಬ್ತಾಳೆ. ಅದಕ್ಕೇ ನನ್ನ ಬ್ಯಾಂಡ್ ಅವಳ ಕೈಗೆ ಕಟ್ಟಿದೆ.

ಮೊದಲ ದಿನ ವಾಕರ್ ಹಿಡಿದು ನಡುಮನೆಯಲ್ಲಿ ಹತ್ತು ಸುತ್ತು ಹಾಕಿದಳು. ಹೆಜ್ಜೆ ಹೆಚ್ಚುಕಮ್ಮಿ ಸೊನ್ನೆ! ಕರೆಂಟ್ ಹೋದಾಗ ಕುರ್ಚಿಯಲ್ಲಿ ಕೂತು ಬೀಸಣಿಗೆ ಬೀಸಿಕೊಂಡರೆ ಮಾತ್ರ ಹೆಜ್ಜೆ ಏರ್ತಿತ್ತು. ಕಾರಣ ಸರಳ. ಬ್ಯಾಂಡಿಗೆ ಕಾಲು ಕಾಣಿಸೋದಿಲ್ಲ. ಒಳಗಿನ ಆಕ್ಸೆಲೆರೋಮೀಟರ್ ಕೈಯ ಚಲನೆಯನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತೆ. ಲಯಬದ್ಧವಾಗಿ ಬೀಸಿದ್ದನ್ನು ಸಾಫ್ಟ್‌ವೇರ್ ಹೆಜ್ಜೆ ಅಂದುಕೊಳ್ಳುತ್ತೆ. ವಾಕರ್ ಹಿಡಿದ ಕೈ ಬೀಸೋದೇ ಇಲ್ಲವಲ್ಲ. ಬ್ಯಾಂಡನ್ನು ಬಿಚ್ಚಿ ಗೆಜ್ಜೆ ಕಟ್ಟುವ ಜಾಗಕ್ಕೆ ಕಟ್ಟಿದೆ. "ಈ ವಯಸ್ಸಲ್ಲಿ ಗೆಜ್ಜೆ ಕಟ್ಟಿಸ್ತೀಯಲ್ಲೋ" ಅಂತ ಅಮ್ಮ ನಕ್ಕಳು. ಲೆಕ್ಕ ಸರಿಹೋಯ್ತು.

ಆ್ಯಪ್‌ನಲ್ಲಿದ್ದ 10,000 ಹೆಜ್ಜೆಯ ಗುರಿಯನ್ನೂ ತೆಗೆದೆ. ಆ ಸಂಖ್ಯೆ ಹೆಸರಾಗಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮಾನ್ಪೋ-ಕೇ ಎಂಬ ಹೆಜ್ಜೆ ಎಣಿಸುವ ಯಂತ್ರದಿಂದ. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅದರ ಅರ್ಥ. ಬೆನ್ನು ಕೊಯ್ಸಿಕೊಂಡವರಿಗಾಗಿ ಹೇಳಿದ್ದಲ್ಲ. ಅಮ್ಮನ ಈ ವಾರವನ್ನು ಹೋಲಿಸಬೇಕಾದ್ದು ಅಮ್ಮನ ಹೋದ ವಾರದ ಜೊತೆ.

ರಜೆ ಮುಗಿದು ಹಾಸ್ಟೆಲ್‌ಗೆ ಬಂದ ಮೇಲೂ ಲೆಕ್ಕ ನನ್ನ ಫೋನಿಗೆ ಬರ್ತಿತ್ತು. ಒಮ್ಮೆ ಎರಡು ದಿನ ಹೆಜ್ಜೆ ಅರ್ಧಕ್ಕೆ ಇಳಿಯಿತು. ಫೋನ್ ಮಾಡಿದರೆ ಅದೇ ಪರವಾಗಿಲ್ಲ. "ಮತ್ತೆ ನಿನ್ನೆ ಯಾಕಮ್ಮ ನಡೆದಿಲ್ಲ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲು ಮತ್ತೆ ಜೋಮು ಹಿಡೀತಿದೆ ಕಣೋ" ಅಂದಳು. ಅಪ್ಪ ಅವತ್ತೇ ಡಾಕ್ಟರ್ ಹತ್ತಿರ ಕರ್ಕೊಂಡು ಹೋದರು. ಪರೀಕ್ಷೆ ಮಾಡಿ, ಗಾಬರಿ ಬೇಡ ಅಂತ ಮಾತ್ರೆ ಬದಲಾಯಿಸಿದರು.

ಆಮೇಲೆ ಅಮ್ಮ ಕೇಳಿದಳು: "ನನ್ನ ಮೇಲೆ ಸಿಸಿ ಕ್ಯಾಮೆರಾ ಇಟ್ಟಿದೀಯಾ?" ನ್ಯಾಯವಾದ ಪ್ರಶ್ನೆ. ಹೆಜ್ಜೆ ಕಮ್ಮಿಯಾಗೋಕೆ ನೋವೇ ಕಾರಣ ಆಗಬೇಕಿಲ್ಲ. ನೆಂಟರು ಬಂದಿರಬಹುದು, ಬ್ಯಾಂಡಿನ ಚಾರ್ಜ್ ಮುಗಿದಿರಬಹುದು. ಏನಾಗಿದೆ ಅಂತ ಅವಳೇ ಹೇಳಬೇಕು. ಈಗ ಆ್ಯಪ್ ಅವಳ ಫೋನಿನಲ್ಲಿ ಮಾತ್ರ ಇದೆ. ಸಂಜೆ ಅವಳೇ ಫೋನ್ ಮಾಡ್ತಾಳೆ: "ಇವತ್ತು 1,840. ಕೊನೇ ಸುತ್ತಿಗೆ ಸ್ವಲ್ಪ ನೋವಿತ್ತು."

ನಿಮ್ಮ ಮನೆಯಲ್ಲೂ ಯಾರಿಗಾದರೂ ಇಂಥ ಆಪರೇಷನ್ ಆಗಿದ್ದರೆ, ಡಾಕ್ಟರನ್ನು ಕೇಳಿ ಬ್ಯಾಂಡ್ ಕಟ್ಟಿ. ಫೋನ್ ಮಾಡೋದನ್ನ ಮಾತ್ರ ಬಿಡಬೇಡಿ.