ಒಂದು ಕೊಂಡರೆ ಒಂದು ಉಚಿತ

ಊರಿಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸನ್ನು ತೂಕದ ಯಂತ್ರದ ಮೇಲೇರಿಸಿ, ಇಳಿಸಿ, ಮತ್ತೆ ಏರಿಸುವ ಕಷ್ಟವನ್ನು ಈ ಸ್ಮರಣ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಒಂದು ಕಾಲದಲ್ಲಿ ಆ ಪೆಟ್ಟಿಗೆಯಲ್ಲಿ ಸೋಪು, ಸೆಂಟು, ಚಾಕೊಲೇಟು, ಕ್ಯಾಲ್ಕ್ಯುಲೇಟರುಗಳಿರುತ್ತಿದ್ದವು. ಅವೆಲ್ಲ ಈಗ ಶಿವಮೊಗ್ಗದಲ್ಲಿಯೇ ದೊರೆಯುವುದರಿಂದ ಅವುಗಳ ಜಾಗವನ್ನು ವಿಟಮಿನ್ ಡಬ್ಬಿಗಳು ಆಕ್ರಮಿಸಿವೆ. ಮಂಡಿ ನೋವಿಗೊಂದು, ಹೃದಯಕ್ಕೊಂದು, ನೆನಪಿನ ಶಕ್ತಿಗೊಂದು. ನಮ್ಮ ಮನೆಯಿಂದ ಹೋಗುತ್ತಿದ್ದ ಡಬ್ಬಿಗಳೆಲ್ಲವೂ ರಿಯಾಯಿತಿ ದರದಲ್ಲಿ ಕೊಂಡವು ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಈ ಚಟ ಆರಂಭವಾದದ್ದು ನ್ಯಾಯವಾಗಿಯೇ. ಮಿಷಿಗನ್ನಿನ ಚಳಿಗಾಲದಲ್ಲಿ ಬಿಸಿಲು ಕಾಣದ ನನ್ನ ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದೆಯೆಂದು ವೈದ್ಯರು ಹೇಳಿದರು. ಆ ಮೊದಲ ಡಬ್ಬಿಯನ್ನು ಕೊಂಡದ್ದು ಅವರ ಮಾತಿನ ಮೇಲೆ; ಉಳಿದವುಗಳನ್ನೆಲ್ಲ ಕೊಂಡದ್ದು ಕೂಪನ್ನಿನ ಮಾತಿನ ಮೇಲೆ. ಒಂದು ಕೊಂಡರೆ ಒಂದು ಉಚಿತವೆಂದು ಬರೆದ ಹಳದಿ ಚೀಟಿಯನ್ನು ಕಂಡ ಮೇಲೂ ಸುಮ್ಮನೆ ಮುಂದಕ್ಕೆ ಹೋಗುವ ಸಂಯಮ, ಎಣಿಸಿ ಖರ್ಚು ಮಾಡುವ ಮನೆಯಲ್ಲಿ ಬೆಳೆದ ನನಗೆ ಎಲ್ಲಿಂದ ಬರಬೇಕು? ನಮ್ಮ ಹಿತ್ತಲಲ್ಲಿ ಕಾಲಿಗೆ ತೊಡರುತ್ತಿದ್ದ ಒಂದೆಲಗವನ್ನೂ, ಅಡುಗೆಮನೆಯ ಅರಿಸಿನವನ್ನೂ ಇಲ್ಲಿ ಕ್ಯಾಪ್ಸೂಲಿನಲ್ಲಿ ತುಂಬಿಸಿ ಅರ್ಧ ಬೆಲೆಗೆ ಕೊಟ್ಟಾಗ ಲಾಭವಾಯಿತೆಂದು ಹಿಗ್ಗಿದವನು ನಾನು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ದುಬಾರಿಯಾದ ಉದಾಹರಣೆ ಬೇಕಿಲ್ಲ.

ಹಾಗೆ ಕೊಂಡವುಗಳಲ್ಲಿ ಬಯೋಟಿನ್ ಎಂಬುದೂ ಒಂದು. ಕೂದಲಿಗೆ, ಉಗುರಿಗೆ ಒಳ್ಳೆಯದೆಂದು ಪ್ರಚಾರ. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು. ಆ ಮಾತ್ರೆಯಲ್ಲಿದ್ದದ್ದು 10,000. ದಿನದ ಅಗತ್ಯದ ಶೇಕಡಾ 33,333 ಎಂದು ಡಬ್ಬಿಯ ಮೇಲೆಯೇ ಮುದ್ರಿಸಿದ್ದರು. ವೃತ್ತಿಯಿಂದ ಇಂಜಿನಿಯರನಾದ ನಾನು ಆ ಅಂಕಿಯನ್ನು ಓದಿ ಗಾಬರಿಯಾಗುವ ಬದಲು, ಕೊಟ್ಟ ಹಣಕ್ಕೆ ಮಾಲು ಧಾರಾಳವಾಗಿದೆಯೆಂದು ತೃಪ್ತಿಪಟ್ಟೆ. 2022ರ ಜನವರಿಯಲ್ಲಿ ಊರಿಗೆ ಹೋದಾಗ ಎಂಟು ಡಬ್ಬಿಗಳನ್ನು ಅಮ್ಮನ ಕೈಗಿತ್ತು ಬಂದೆ.

ಅಮ್ಮನಿಗೆ ಆಗ ಎಪ್ಪತ್ತಾರು. ಬಹಳ ವರ್ಷಗಳಿಂದ ಥೈರಾಯ್ಡ್ ಕೊರತೆಗೆ ಬೆಳಗಿನ ಮಾತ್ರೆ ನುಂಗುವವಳು. ಮೇ ತಿಂಗಳಲ್ಲಿ ಅಕ್ಕ ಫೋನು ಮಾಡಿ, "ಅಮ್ಮನಿಗೆ ಈಗ ಥೈರಾಯ್ಡ್ ಜಾಸ್ತಿಯಾಗಿದೆಯಂತೆ ಕಣೋ, ಮಾತ್ರೆ ಅರ್ಧ ಮಾಡಿದ್ದಾರೆ" ಎಂದಳು. ಗುಣವಾಗುತ್ತಿದೆಯೆಂದೇ ನಾನು ಭಾವಿಸಿದೆ. ಆಗಸ್ಟಿನಲ್ಲಿ ಮತ್ತೆ ಪರೀಕ್ಷೆ, ಮತ್ತೆ ಅದೇ ಫಲಿತಾಂಶ. ಮಾತ್ರೆ ಇನ್ನೂ ಇಳಿಯಿತು. ಆದರೆ ಅಮ್ಮ ಇಳಿದುಹೋಗುತ್ತಿದ್ದಳು. ಬೇಸಿಗೆಯಲ್ಲೂ ಶಾಲು ಹೊದೆಯುತ್ತಿದ್ದಳಂತೆ. ಮುಖ ಊದಿತ್ತು, ದನಿ ಒಡೆದಿತ್ತು. ಮೂರು ಗಂಟೆಗೇ ಎದ್ದು ಹೂ ಕೊಯ್ಯುವಳೆಂದು ಕೇರಿಯವರೆಲ್ಲ ನಗುತ್ತಿದ್ದ ಅಮ್ಮ ಎಂಟರವರೆಗೆ ಹಾಸಿಗೆ ಬಿಡುತ್ತಿರಲಿಲ್ಲ. ವಯಸ್ಸಾಯಿತಲ್ಲ ಎಂದು ಅಕ್ಕನೂ ನಾನೂ ಹತ್ತು ಸಾವಿರ ಮೈಲಿಯ ಎರಡು ತುದಿಗಳಿಂದ ಸಮಾಧಾನ ಹೇಳಿಕೊಂಡೆವು.

ಡಿಸೆಂಬರಿನಲ್ಲಿ ನಾನೇ ಹೋಗಿ ಅವಳನ್ನು ಹೊಸ ವೈದ್ಯೆಯೊಬ್ಬರ ಬಳಿ ಕರೆದೊಯ್ದೆ. ಆಕೆ ಇನ್ನೂ ಚಿಕ್ಕ ವಯಸ್ಸಿನವರು. ಕಾಗದವನ್ನು ನೋಡಿ, ಅಮ್ಮನನ್ನು ನೋಡಿ, ಎರಡಕ್ಕೂ ತಾಳೆಯಾಗುತ್ತಿಲ್ಲವೆಂದರು. "ಅಮ್ಮಾ, ಬೇರೆ ಯಾವುದಾದರೂ ಮಾತ್ರೆ ತಗೊಳ್ತೀರಾ?"

"ಮಾತ್ರೆ ಏನೂ ಇಲ್ಲಮ್ಮ. ಮಗ ತಂದುಕೊಟ್ಟ ವಿಟಮಿನ್ ಅಷ್ಟೆ."

ಆ ವೈದ್ಯೆ ಎಲ್ಲ ಡಬ್ಬಿಗಳನ್ನೂ ತರಿಸಿ, ಬಯೋಟಿನ್ ಒಂದನ್ನು ಪಕ್ಕಕ್ಕೆ ಸರಿಸಿದರು. ರಕ್ತ ಪರೀಕ್ಷೆಯ ಅನೇಕ ವಿಧಾನಗಳಲ್ಲಿ ಬಯೋಟಿನ್ನನ್ನೇ ಕೊಕ್ಕೆಯಾಗಿ ಬಳಸುತ್ತಾರಂತೆ. ರಕ್ತದಲ್ಲಿಯೇ ಅದು ತುಂಬಿ ತುಳುಕುತ್ತಿದ್ದರೆ ಯಂತ್ರ ಮೋಸಹೋಗಿ, ಕೊರತೆಯಿರುವವರಿಗೂ ಅತಿಯಾಗಿದೆಯೆಂದು ತೋರಿಸಬಹುದು. ಒಂದು ವಾರ ನಿಲ್ಲಿಸಿ ಪರೀಕ್ಷಿಸಿದಾಗ ನಿಜ ಹೊರಬಿತ್ತು. ಏಳೆಂಟು ತಿಂಗಳು ಅಮ್ಮನಿಗೆ ಸಲ್ಲಬೇಕಾಗಿದ್ದ ಔಷಧಿ ಸಂದಿರಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ವಿಷಯದಲ್ಲಿ 2017ರಲ್ಲಿಯೇ ಎಚ್ಚರಿಕೆ ಕೊಟ್ಟಿತ್ತೆಂಬುದನ್ನು ನಾನು ಆ ರಾತ್ರಿ ಓದಿದೆ. 1994ರ ಕಾನೂನಿನಂತೆ ಇಂಥವು ಔಷಧಿಗಳಲ್ಲ, ಆಹಾರಪೂರಕಗಳು. ಮಾರಾಟಕ್ಕೆ ಮುನ್ನ ಅವುಗಳ ಸುರಕ್ಷತೆಗೆ ಸರ್ಕಾರದ ಒಪ್ಪಿಗೆಯೇ ಬೇಕಾಗಿಲ್ಲ. ಮೂವತ್ತು ವರ್ಷ ಆ ದೇಶದಲ್ಲಿದ್ದು, ಅಗ್ಗವೆಂಬುದೊಂದನ್ನು ಬಿಟ್ಟು ಆ ಡಬ್ಬಿಗಳ ಬಗ್ಗೆ ನಾನೇನನ್ನೂ ತಿಳಿದಿರಲಿಲ್ಲ.

"ನಿನಗೆ ಕೂದಲಿನ ಚಿಂತೆ ಯಾವಾಗ ಬಂತಮ್ಮ?" ಎಂದು ಕೇಳಿದೆ.

"ಯಾರಿಗೆ ಬೇಕೋ ಕೂದಲು! ನೀನು ಅಷ್ಟು ದೂರದಿಂದ ಹೊತ್ತು ತಂದದ್ದು, ದಂಡ ಮಾಡಬಾರದು ಅಂತ ನುಂಗಿದೆ."

ಆಗ ನನಗೆ ಉಚಿತವಾಗಿ ಬಂದ ಎರಡನೆಯ ಡಬ್ಬಿಗಳ ನೆನಪಾಯಿತು. ಅವನ್ನು ಅಮ್ಮ ಕೇರಿಗೆ ಹಂಚಿದ್ದಳು. ಮರುದಿನ ಬೆಳಿಗ್ಗೆ ಚೀಲ ಹಿಡಿದು ಮನೆಮನೆಗೆ ಹೊರಟೆ. ಪಕ್ಕದ ಮನೆಯವರು ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೆ ಇದನ್ನೂ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಇನ್ನೊಬ್ಬರು ಅವಧಿ ಮುಗಿದ ಡಬ್ಬಿಯನ್ನು ಒಡೆಯದೆಯೇ ದೇವರ ಗೂಡಿನ ಪಕ್ಕ ಇಟ್ಟಿದ್ದರು. ಮೂಲೆಮನೆಯ ಅಜ್ಜಿ ಮಾತ್ರ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಕೊಟ್ಟದ್ದನ್ನು ವಾಪಸು ಕೇಳ್ತಾರೇನಪ್ಪಾ ಯಾರಾದರೂ? ಅಮೆರಿಕದಲ್ಲಿ ನಿನಗೆ ಅಷ್ಟೊಂದು ಕಷ್ಟವೇ?" ಎಂದರು. ಅವರಿಗೆ ತಿಳಿಹೇಳುವುದರಲ್ಲಿ ಎರಡು ಲೋಟ ಕಾಫಿ ಮುಗಿಯಿತು, ಡಬ್ಬಿ ಸಿಗಲಿಲ್ಲ. ಸಂಜೆ ಅವರ ಮಗನಿಗೆ ಫೋನು ಮಾಡಿದೆ.