ಸಂಘದ ಹಾಳೆಗೆ ಮೂರು ಹೊಸ ಹೆಸರು

ನಮ್ಮ ಮಾಲೂರು ಸಂಘದ ಲೆಕ್ಕ ಎಕ್ಸೆಲ್‌ನಾಗೆ ಐತೆ. ತಲೆಬರಹ ಒಂದು ಸಾಲು, ಕೆಳಗೆ 15 ಹೆಸರು. ವಾರವಾರ ಅದೇ ಪ್ರಿಂಟು ಅಂತ ಒಂದ್ಸಲ ಮ್ಯಾಕ್ರೋ ರೆಕಾರ್ಡ್ ಮಾಡಿಟ್ಟಿದ್ದೆ. ನಾವು ಮಾಡಿದ್ದನ್ನ ನೆನಪಿಟ್ಕೊಂಡು ಅದು ತಾನೇ ಮಾಡ್ತದೆ.

ಈ ತಿಂಗಳು ಇನ್ನೂ ಮೂವರು ಸೇರಿದ್ರು. ಮ್ಯಾಕ್ರೋಗೇನು ಗೊತ್ತು? ಹಂಗೇ ಬಿಟ್ರೆ ಹಳೇ 16 ಸಾಲೇ ಅಚ್ಚಾಗ್ತದೆ. ಕೂಲಿ ದುಡ್ಡಲ್ಲಿ ಉಳಿಸಿ ಕಟ್ಟಿದೋಳ ಹೆಸರೇ ಹಾಳೆಯಾಗೆ ಇಲ್ಲ ಅಂದ್ರೆ ಸಂಘದ ಮ್ಯಾಲೆ ನಂಬಿಕೆ ಉಳೀತದಾ?

ಮೊದಲಿಂದ ರೆಕಾರ್ಡ್ ಮಾಡೋದು ಬ್ಯಾಡ ಅಕ್ಕಾ. ಆಲ್ಟ್ ಹಿಡ್ಕೊಂಡು ಎಫ್11 ಒತ್ತಿ, ಮಾಡ್ಯೂಲ್ ತೆರೀರಿ. ನಿಮ್ಮ ಕೈ ಮಾಡಿದ್ದೆಲ್ಲ ಅಲ್ಲಿ ಸಾಲುಸಾಲಾಗಿ ಬರೆದಿರ್ತದೆ. ‘ಎ1:ಡಿ16’ ಅಂತಿರೋ ಕಡೆ 16 ಅಳಿಸಿ 19 ಮಾಡಿ, ಅಷ್ಟೆ. ಸಾರಿಗೆ ಉಪ್ಪು ಸಾಲದಿದ್ರೆ ಚಿಟಿಕೆ ಹಾಕ್ತೀವಿ, ಬೇಳೆ ಮತ್ತೆ ಬೇಯಿಸ್ತೀವಾ?